ಸಂಘ, ಸಮುದಾಯ, ಕಟ್ಟೆ, ಕೂಟ: ವಿಕೇಂದ್ರಿತ ಚರ್ಚಾಜಾಲದ ವಿಷಯಗುಂಪಿಗೊಂದು ಕನ್ನಡ ಹೆಸರು

ಯಾವುದೇ ಒಂದು ಸಂಸ್ಥೆಯ ಒಡೆತನಕ್ಕೆ ಸೇರದೆ, ಹಲವು ಸರ್ವರ್‌ಗಳು ಸಮಾನ ನಿಯಮವೊಂದಕ್ಕೆ ಒಪ್ಪಿ ತಮ್ಮತಮ್ಮಲ್ಲಿ ಸಂದೇಶಗಳನ್ನು ಹಂಚಿಕೊಳ್ಳುವ ಚರ್ಚಾಜಾಲಗಳಲ್ಲಿ ವಿಷಯಕ್ಕೊಂದರಂತೆ ಗುಂಪುಗಳಿರುತ್ತವೆ. ಸೈಕಲ್ಲಿಗೊಂದು, ಕೈತೋಟಕ್ಕೊಂದು, ಹಳಗನ್ನಡಕ್ಕೊಂದು, ಲೇತ್ ಯಂತ್ರಕ್ಕೊಂದು. ಇಂತಹ ಗುಂಪನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬುದು ಈ ಲೇಖನದ ಪ್ರಶ್ನೆ. ತಂತ್ರಾಂಶವನ್ನು ಕನ್ನಡಕ್ಕೆ ತರುವವರ ಮಟ್ಟಿಗೆ ಇದು ಅನುವಾದದ ಪಟ್ಟಿಯ ನೂರಾರು ಸಾಲುಗಳಲ್ಲಿ ಒಂದು ಸಾಲು. ಆದರೆ ಜನ ಕೂಡುವ ಬಗೆಗಳಿಗೆ ಕನ್ನಡವು ಸಾವಿರ ವರ್ಷಗಳಿಂದ ಹೆಸರಿಡುತ್ತ ಬಂದಿದೆ. ಆ ಹೆಸರುಗಳಲ್ಲಿ ಹೆಚ್ಚಿನವು ಯಾರು ಒಳಗಿನವರು, ಯಾರು ಹೊರಗಿನವರು ಎಂಬ ತೀರ್ಮಾನವನ್ನೂ ಹೊತ್ತುಕೊಂಡೇ ನಮ್ಮವರೆಗೆ ಬಂದಿವೆ. ಗುಂಡಿಯ ಮೇಲೆ ಅಚ್ಚಾಗುವ ಪದವು ಆ ತೀರ್ಮಾನವನ್ನು ಹೊಸ ಜಾಗಕ್ಕೂ ಒಯ್ಯುತ್ತದೆ. ನಮ್ಮ ಉದಾಹರಣೆಗಳನ್ನು ಬಹುಮಟ್ಟಿಗೆ ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಂದ ಆಯ್ದುಕೊಂಡಿದ್ದೇವೆ. ಕಾರ್ಖಾನೆಯ ಕನ್ನಡವೂ ತಂತ್ರಾಂಶದ ಕನ್ನಡವೂ ಒಂದೇ ಬಸ್ಸಿನಲ್ಲಿ ಓಡಾಡುವ ಪ್ರದೇಶವಿದು.

ಪ್ರಶ್ನೆ ಹೊಸದೇನಲ್ಲ. 1980ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ನಡುವೆ ಆರಂಭವಾದ ಯೂಸ್‌ನೆಟ್ ಇಂತಹ ಮೊದಲ ದೊಡ್ಡ ಜಾಲ. ಅದರಲ್ಲಿ ಗುಂಪಿನ ಹೆಸರು ‘ನ್ಯೂಸ್‌ಗ್ರೂಪ್’. ಸುದ್ದಿಗೂ ಅಲ್ಲಿ ನಡೆಯುತ್ತಿದ್ದ ಹರಟೆಗೂ ಸಂಬಂಧ ಕಡಿಮೆಯಾಗಿದ್ದರೂ ಹೆಸರು ಉಳಿಯಿತು. 1986–87ರಲ್ಲಿ ಆ ಗುಂಪುಗಳನ್ನೆಲ್ಲ ಏಳು ಶಾಖೆಗಳಿಗೆ ಹಂಚಿ ಮರುನಾಮಕರಣ ಮಾಡಿದಾಗ ಬಹಳ ಜಗಳವಾಯಿತು. ಮುಂದೆ ಅದೇ ವ್ಯವಸ್ಥೆಯಲ್ಲಿ ಕನ್ನಡಿಗರಿಗೂ ಒಂದು ನೆಲೆ ದೊರೆಯಿತು: ‘ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ’. 2019ರಲ್ಲಿ ಬಂದ ಲೆಮ್ಮಿ ತನ್ನ ಗುಂಪುಗಳನ್ನು ‘ಕಮ್ಯುನಿಟಿ’ ಎಂದಿತು. ಅದರ ಜೊತೆ ಮಾತನಾಡಬಲ್ಲ ಕೆಬಿನ್ ‘ಮ್ಯಾಗಜೀನ್’ ಎಂದಿತು. ಹೊರಗೆ ಇಷ್ಟು ಭಿನ್ನವಾಗಿ ಕಾಣುವ ಇವು, 2018ರ ಜನವರಿಯಲ್ಲಿ ಅಂಗೀಕೃತವಾದ ಆ್ಯಕ್ಟಿವಿಟಿಪಬ್ ನಿಯಮಾವಳಿಯ ಒಳಗೆ ‘ಗ್ರೂಪ್’ ಎಂಬ ಒಂದೇ ಬಗೆಗೆ ಸೇರುತ್ತವೆ. ಯಂತ್ರಗಳಿಗೆ ಒಂದು ಹೆಸರು ಸಾಕು, ಮನುಷ್ಯರಿಗೆ ಸಾಲದು ಎಂದಾಯಿತು.

ಇಲ್ಲಿ ಪದಕ್ಕಿಂತ ಮೊದಲು ಪದಕ್ರಮದ ವಿಷಯವೊಂದಿದೆ. ಲೆಮ್ಮಿಯ ವಿಳಾಸದಲ್ಲಿ ಮೊದಲು ಗುಂಪು, ಆಮೇಲೆ ಅದು ಇರುವ ಸರ್ವರ್. ಅಂದರೆ ಚಿಕ್ಕದರಿಂದ ದೊಡ್ಡದಕ್ಕೆ. ಯೂಸ್‌ನೆಟ್‌ನ ಕ್ರಮ ಇದಕ್ಕೆ ವಿರುದ್ಧ: ಸಮಾಜ, ಅದರೊಳಗೆ ಸಂಸ್ಕೃತಿ, ಅದರೊಳಗೆ ಭಾರತ, ಕಡೆಗೆ ಕರ್ನಾಟಕ. ಕನ್ನಡದ ಷಷ್ಠೀ ಸರಣಿ ಹೋಗುವುದೂ ಹೀಗೆಯೇ. ‘ಬೆಂಗಳೂರಿನ ಪೀಣ್ಯದ ಎರಡನೆಯ ಹಂತದ ಮೂರನೆಯ ಅಡ್ಡರಸ್ತೆ’ ಎನ್ನುತ್ತೇವೆಯೇ ಹೊರತು ಬೇರೆ ರೀತಿಯಲ್ಲಿ ಹೇಳಲು ಭಾಷೆ ಒಗ್ಗುವುದಿಲ್ಲ. ಹೊಸ ವಿಳಾಸವನ್ನು ಕನ್ನಡಿಗರು ಬಾಯಲ್ಲಿ ಹೇಳುವಾಗ ಹಿಂದುಮುಂದಾಗಿಯೇ ಹೇಳುತ್ತಾರೆ: ಇಂಥ ಸರ್ವರ್‌ನ ಇಂಥ ಗುಂಪು. ಆದ್ದರಿಂದ ನಾವು ಆರಿಸುವ ಪದ ಷಷ್ಠಿಯ ಬಲಕ್ಕೆ, ಸರಣಿಯ ಕೊನೆಯಲ್ಲಿ, ಹೊಂದಿಕೊಂಡು ಕೂರಬೇಕು.

ನೆಲದ ಹೆಸರುಗಳು

ಎಲೆಕ್ಟ್ರಾನಿಕ್ ಸಿಟಿ ಎದ್ದುನಿಂತ ಊರು ಕೋನಪ್ಪನ ಅಗ್ರಹಾರ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಅಲ್ಲಿಯೂ ಪಕ್ಕದ ದೊಡ್ಡತೋಗೂರಿನಲ್ಲಿಯೂ 332 ಎಕರೆಯಲ್ಲಿ ಅದನ್ನು ಕಟ್ಟತೊಡಗಿತು. ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಇರುವುದು ಪಟ್ಟಂದೂರು ಅಗ್ರಹಾರದ ಬಳಿ. ಅಗ್ರಹಾರವೆಂದರೆ ಮಹಾಜನರೆಂಬ ಒಂದು ಗುಂಪಿಗೆ ಬಿಟ್ಟುಕೊಟ್ಟ ಊರು. ಶಾಸನಗಳು ಆ ಮಹಾಜನರನ್ನು ಎಷ್ಟೋ ಸಲ ಸಂಖ್ಯೆಯಿಂದಲೇ ಗುರುತಿಸುತ್ತವೆ. ವರ್ತಕರು ‘ಅಯ್ಯಾವೊಳೆ ಐನೂರ್ವರು’, ಎಣ್ಣೆ ತೆಗೆಯುವವರು ‘ತೆಲ್ಲಿಗರ ಐವತ್ತೊಕ್ಕಲು’. ಈ ಹೆಸರುಗಳ ತಿರುಳು ಮನುಷ್ಯರು. ಅವರು ಯಾವುದಕ್ಕಾಗಿ ಕೂಡಿದರೆಂಬುದಕ್ಕೆ ಎರಡನೆಯ ಸ್ಥಾನ. ಐನೂರ್ವರ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹೆಸರು ಐಹೊಳೆಯದಾದರೂ ಅದನ್ನು ಹೊತ್ತ ವರ್ತಕರು ದಕ್ಷಿಣ ಭಾರತದ ದೂರದೂರದ ಪೇಟೆಗಳಲ್ಲಿದ್ದರು. ತಮಿಳುನಾಡಿನ ಶಾಸನಗಳಲ್ಲೂ ಅವರು ಕಾಣಿಸುತ್ತಾರೆ. ಒಂದೇ ಹೆಸರು ಹಲವು ಊರುಗಳಲ್ಲಿ ಬಾಳುವ ಸ್ಥಿತಿ ಕನ್ನಡಕ್ಕೆ ಅಂದಿನಿಂದಲೂ ಗೊತ್ತು.

ಇದೇ ವಲಯದಲ್ಲಿ ಬೇರೆ ಬಗೆಯ ನಾಮಕರಣಗಳೂ ನಡೆದಿವೆ. 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಚಾಮರಾಜೇಂದ್ರ ಒಡೆಯರು ಕೊಟ್ಟ 3,900 ಎಕರೆಯಲ್ಲಿ ಹುಟ್ಟಿದ ವೈಟ್‌ಫೀಲ್ಡ್, ಆ ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಹೆಸರನ್ನು ಪಡೆಯಿತು. ಅದರ ಹಳೆಯ ನಡುಭಾಗಕ್ಕೆ ಇಂದಿಗೂ ‘ಇನ್ನರ್ ಸರ್ಕಲ್’ ಎಂದೇ ಹೆಸರು. ಬೆಂಗಳೂರಿನಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ, 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯ ಬಡಾವಣೆ ‘ದೂರವಾಣಿನಗರ’. ಟೆಲಿಫೋನಿಗೆ ದೂರವಾಣಿ ಎನ್ನುವವರು ಮಾತಿನಲ್ಲಿ ವಿರಳ. ಆದರೆ ದೂರವಾಣಿನಗರಕ್ಕೆ ಬೇರೆ ಹೆಸರಿನಿಂದ ಟಿಕೆಟ್ ಕೇಳುವವರೂ ವಿರಳ. ಕಟ್ಟಿದ ಪದ ನಾಲಗೆಯಲ್ಲಿ ನಿಲ್ಲದೆ ನೆಲದಲ್ಲಿ ನಿಂತ ಈ ನಿದರ್ಶನವನ್ನು, ಕಟ್ಟುಪದಗಳನ್ನು ಹಾಸ್ಯಮಾಡುವವರು ಗಮನಿಸಬೇಕು.

ಸಂಘ

ಕಾರ್ಖಾನೆಗಳ ಕಾಲದಲ್ಲಿ ಗೆದ್ದ ಪದ ‘ಸಂಘ’. 1890ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಅದಕ್ಕೆ ಆಧುನಿಕ ಘನತೆ ಕೊಟ್ಟಿತು. 1906ರ ಒಕ್ಕಲಿಗರ ಸಂಘ ಅದನ್ನು ಜಾತಿ ಸಂಸ್ಥೆಗಳ ಮಾದರಿಯಾಗಿಸಿತು. ಬಿ.ಇ.ಎಲ್., ಎಚ್.ಎಂ.ಟಿ., ಎಚ್.ಎ.ಎಲ್., ಐ.ಟಿ.ಐ.ಗಳಂತಹ ಸಾರ್ವಜನಿಕ ಉದ್ದಿಮೆಗಳಲ್ಲಿ ಕನ್ನಡ ಸಂಘಗಳು ಹುಟ್ಟಿ ರಾಜ್ಯೋತ್ಸವವನ್ನು ಕಾರ್ಖಾನೆಯ ಅಂಗಳಕ್ಕೆ ತಂದವು. 1980ರ ಡಿಸೆಂಬರಿನಿಂದ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರದ ಹೊತ್ತಿಗೆ ಅಚ್ಚಿನಲ್ಲಿ ‘ಕಾರ್ಮಿಕ ಸಂಘ’, ಬಾಯಲ್ಲಿ ‘ಯೂನಿಯನ್’ ಎಂಬ ವಿಭಜನೆ ಗಟ್ಟಿಯಾಗಿತ್ತು. 1949ರ ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ ಮಾಲೀಕರದು. 2017ರಲ್ಲಿ ಹುಟ್ಟಿದ ಐ.ಟಿ. ನೌಕರರ ಸಂಘ ದುಡಿಯುವವರದು. ಎರಡಕ್ಕೂ ಒಂದೇ ಪದ ಒಗ್ಗಿತು.

ಈ ಹೆಸರುಗಳ ರಚನೆಯಲ್ಲಿ ಒಂದು ಕ್ರಮವಿದೆ. ನೌಕರರ ಸಂಘ, ಮಾಲೀಕರ ಸಂಘ, ಹಾಲು ಉತ್ಪಾದಕರ ಸಹಕಾರ ಸಂಘ, ಅಭಿಮಾನಿಗಳ ಸಂಘ: ಬಹುವಚನದ ವ್ಯಕ್ತಿವಾಚಕಕ್ಕೆ ಷಷ್ಠಿ, ಅದರ ಮುಂದೆ ‘ಸಂಘ’. ಐನೂರ್ವರಂತೆಯೇ ಇಲ್ಲಿಯೂ ತಿರುಳು ಮನುಷ್ಯರೇ. ವಿಷಯದಿಂದ ನೇರವಾಗಿ ಸಂಘ ಕಟ್ಟುವುದು ಅಸಾಧ್ಯವಲ್ಲ, ‘ಕನ್ನಡ ಸಂಘ’ವೇ ಇದೆ. ಆದರೆ ‘ಹಾಲು ಸಂಘ’ ಎಂಬುದು ಮಾತಿನ ಅವಸರದ ರೂಪ, ಫಲಕದ ಮೇಲಿನದಲ್ಲ. ಸಂಘವೆಂದಕೂಡಲೇ ಸದಸ್ಯರ ಪಟ್ಟಿ, ಅಧ್ಯಕ್ಷರು, ಕಾರ್ಯದರ್ಶಿ, ನೋಂದಣಿ ಸಂಖ್ಯೆ ಕಣ್ಣಮುಂದೆ ಬರುತ್ತವೆ. ಇದು ಬರಿಯ ಭಾವನೆಯಲ್ಲ: 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ ಈ ಪದಕ್ಕೆ ಕಾನೂನಿನ ಮೈಯನ್ನೇ ಕೊಟ್ಟಿದೆ.

ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳಿಗೆ ಇದೇ ಪದ ಮತ್ತೊಂದು ಅರ್ಥ ಕೊಡುತ್ತದೆ. ಸ್ವಸಹಾಯ ಸಂಘಗಳು, ಅವುಗಳ ಹಿಂದೆ ಬಂದ ಕಿರುಸಾಲದ ಗುಂಪುಗಳು ಹರಡಿದ ಮೇಲೆ ‘ಸಂಘಕ್ಕೆ ಕಟ್ಟಬೇಕು’ ಎಂದರೆ ಕಂತು ಕಟ್ಟಬೇಕು ಎಂದೇ ಅರ್ಥ. ‘ಸಂಘಕ್ಕೆ ಸೇರಿ’ ಎಂಬ ಗುಂಡಿಯನ್ನು ಅವರು ಒತ್ತುವ ಮುನ್ನ ಎರಡು ಸಲ ಯೋಚಿಸಿದರೆ ತಪ್ಪು ಅವರದಲ್ಲ.

ಸಮುದಾಯ

ಇಂಗ್ಲಿಷಿನ ‘ಕಮ್ಯುನಿಟಿ’ಗೆ ಅನುವಾದಕರ ಕೈಗೆ ಮೊದಲು ಸಿಗುವ ಪದ ‘ಸಮುದಾಯ’. ಕನ್ನಡ ವಿಕಿಪೀಡಿಯದಲ್ಲಿ ‘ಸಮುದಾಯ ಪುಟ’ವಿದೆ, ಆಡಳಿತದ ಕನ್ನಡದಲ್ಲಿ ಸಮುದಾಯ ಆರೋಗ್ಯ ಕೇಂದ್ರ, ಸಮುದಾಯ ಭವನಗಳಿವೆ. ಹೀಗಿರುವಾಗ ಇದನ್ನೇ ಏಕೆ ಒಪ್ಪಬಾರದು? ನಮ್ಮ ಆಕ್ಷೇಪ ಪ್ರಬಲವಾಗಿರುವುದು ಈ ಪದದ ಬಗ್ಗೆಯೇ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ.

1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಂಗತಂಡವೊಂದು ‘ಸಮುದಾಯ’ ಎಂಬ ಹೆಸರಿಟ್ಟುಕೊಂಡಿತು. ಜಾತಿ, ವರ್ಗ, ವೃತ್ತಿಗಳನ್ನು ದಾಟಿ ಕೂಡುವ ಜನ ಎಂಬುದು ಅಲ್ಲಿನ ಅರ್ಥ. ಬೀದಿನಾಟಕಗಳ ಮೂಲಕ ಆ ಅರ್ಥವೇ ಊರೂರಿಗೆ ಹೋಯಿತು. ಅದೇ 1975ರಲ್ಲಿ ಎಲ್.ಜಿ. ಹಾವನೂರ ಅವರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ ತನ್ನ ವರದಿಯನ್ನು ಒಪ್ಪಿಸಿತು. ಆಯೋಗದ ಹೆಸರಿನಲ್ಲಿದ್ದ ಪದ ‘ವರ್ಗ’. ಮುಂದಿನ ದಶಕಗಳ ಸಾರ್ವಜನಿಕ ಚರ್ಚೆಯಲ್ಲಿ ವರ್ಗದ ಪಕ್ಕಕ್ಕೆ ಸಮುದಾಯ ಬಂದು ಕುಳಿತುಕೊಂಡಿತು: ಹಿಂದುಳಿದ ಸಮುದಾಯಗಳು, ಶೋಷಿತ ಸಮುದಾಯಗಳು, ಅಲೆಮಾರಿ ಸಮುದಾಯಗಳು. ಜಾತಿ ಎಂಬ ಪದದಲ್ಲಿ ಅಂಟಿಕೊಂಡಿರುವ ಮೇಲುಕೀಳಿನ ಧ್ವನಿಯನ್ನು ತಪ್ಪಿಸಿ ಗೌರವದಿಂದ ಮಾತನಾಡುವುದಕ್ಕೆ ಈ ಪದ ನೆರವಾಯಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಭ್ಯೋಕ್ತಿಯ ಪಾಡು ಎಲ್ಲ ಭಾಷೆಗಳಲ್ಲೂ ಒಂದೇ: ಯಾವುದನ್ನು ಮರೆಮಾಡಲು ಕರೆತಂದರೋ ಅದರ ಹೆಸರೇ ಆಗಿಬಿಡುತ್ತದೆ. ಇಂದು ಚುನಾವಣೆಯ ವರದಿಯಲ್ಲಿ ‘ಸಮುದಾಯದ ಮತಗಳು’, ‘ಸಮುದಾಯದ ಮುಖಂಡರು’, ‘ಪ್ರಬಲ ಸಮುದಾಯ’ ಎಂದು ಓದುವ ಯಾರಿಗೂ ಯಾವ ಸಮುದಾಯವೆಂಬ ವಿವರಣೆ ಬೇಕಿಲ್ಲ. ‘ನಿಮ್ಮದು ಯಾವ ಸಮುದಾಯ?’ ಎಂಬ ಪ್ರಶ್ನೆಗೆ ‘ಸೈಕಲ್’ ಎಂದು ಉತ್ತರಿಸಿದರೆ ಕೇಳಿದವರು ನಗುತ್ತಾರೆ, ಇಲ್ಲವೇ ಉತ್ತರ ತಪ್ಪಿಸಿದರೆಂದು ತಿಳಿಯುತ್ತಾರೆ. ಉತ್ತರ ಕರ್ನಾಟಕದಲ್ಲಿ ‘ಸಮಾಜ’ ಎಂಬ ಪದಕ್ಕೂ ಇದೇ ಆಗಿದೆ; ‘ಸಮಾಜ ಬಾಂಧವರು’ ಎಂದರೆ ಯಾರೆಂದು ಹೇಳಬೇಕಿಲ್ಲ.

ಮನೆ ಬಾಡಿಗೆಗೆ ಕೇಳುವಾಗ ಈ ಪ್ರಶ್ನೆಯನ್ನು ಎದುರಿಸಿದವರು ಚರ್ಚಾಜಾಲದ ಬಾಗಿಲಿನಲ್ಲೂ ಅದೇ ಪದವನ್ನು ಕಂಡರೆ ಏನು ಅನ್ನಿಸಬಹುದು? ‘ಸಮುದಾಯವನ್ನು ಆರಿಸಿ’ ಎಂಬ ವಾಕ್ಯ ಅರ್ಜಿ ನಮೂನೆಯ ವಾಕ್ಯದಂತೆಯೇ ಕೇಳಿಸುತ್ತದೆ. ಹುಟ್ಟಿನಿಂದ ಬರುವುದನ್ನು ಆರಿಸಲಾಗದು, ಬಿಡಲೂ ಆಗದು. ವಿಷಯಗುಂಪಿನ ಗುಣವೇ ಆರಿಸುವುದು ಮತ್ತು ಬಿಡುವುದು. ಇದು ರುಚಿಯ ಪ್ರಶ್ನೆಯಲ್ಲ, ಅರ್ಥದ ವಿರೋಧ.

ಮೂಲ ಇಂಗ್ಲಿಷ್ ಪದವನ್ನೇ ಉಳಿಸಿಕೊಂಡರೂ ಪಾರಾಗುವುದಿಲ್ಲ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಗಳ ಬಳಕೆಯಲ್ಲಿ ‘ಕಮ್ಯುನಿಟಿ’ ಎಂದರೆ ಗೋಡೆ, ಗೇಟು, ಕಾವಲುಗಾರರಿರುವ ವಸತಿ ಸಮುಚ್ಚಯ. ಮನೆಗೆಲಸಕ್ಕೆ ಹೋಗುವವರು ಗುರುತಿನ ಚೀಟಿ ತೋರಿಸಿ ಅದರೊಳಗೆ ಹೋಗುತ್ತಾರೆ. ಒಂದೇ ಪದದ ಕನ್ನಡ ರೂಪ ಜಾತಿಯ ಕಡೆಗೂ ಇಂಗ್ಲಿಷ್ ರೂಪ ಗೋಡೆಯ ಕಡೆಗೂ ಸರಿದಿರುವುದು ಭಾಷಾವಿಜ್ಞಾನಿಗಳಿಗೆ ಕುತೂಹಲದ ವಿಷಯ. ಹೆಸರು ಹುಡುಕುವವರಿಗೆ ಎರಡೂ ನಿರುಪಯೋಗಿ. ಬಹುಶಃ ಇಂತಹ ತೊಡಕುಗಳು ಬೇಡವೆಂದೇ ಇರಬಹುದು, 2013ರಲ್ಲಿ ಫೇಸ್‌ಬುಕ್ ಗುಂಪಾಗಿ ಆರಂಭವಾದ ‘ವೈಟ್‌ಫೀಲ್ಡ್ ರೈಸಿಂಗ್’ ತನ್ನ ಹೆಸರಿನಲ್ಲಿ ಯಾವ ಗುಂಪುವಾಚಕವನ್ನೂ ಇಟ್ಟುಕೊಳ್ಳಲಿಲ್ಲ.

ಬಳಗ, ಗುಂಪು, ಬಣ

‘ಬಳಗ’ ಹಿತವಾದ ಪದ. ಬ್ರಿಟನ್ನಿನ ಕನ್ನಡಿಗರು 1983ರಲ್ಲಿ ಆರಿಸಿಕೊಂಡದ್ದು ಅದನ್ನೇ; ಬೆಂಗಳೂರಿನ ತಂತ್ರಾಂಶ ಉದ್ಯೋಗಿಗಳ ನಡುವೆ ಬೆಳೆದ ಬನವಾಸಿ ಬಳಗವೂ ಹಾಗೆಯೇ. ಆದರೆ ‘ಬಂಧುಬಳಗ’ದ ನೆರಳು ಅದನ್ನು ಬಿಟ್ಟಿಲ್ಲ. ನಂಟರಲ್ಲದವರನ್ನು ನಂಟರಂತೆ ಕಾಣುವ ಪ್ರೀತಿ ಅದರಲ್ಲಿದೆ. ಪರಿಚಯವೇ ಇಲ್ಲದವರು ಲೇತ್ ಯಂತ್ರದ ಬಗ್ಗೆ ವಾದಿಸುವ ಜಾಗಕ್ಕೆ ಅಷ್ಟು ಪ್ರೀತಿ ಭಾರವಾದೀತು. ‘ಗುಂಪು’ ಈಗಾಗಲೇ ಮೊಬೈಲಿನ ಪರದೆಯ ಮೇಲಿದೆ, ನಾಲಗೆಯ ಮೇಲೆ ಮಾತ್ರ ‘ಗ್ರೂಪ್’. 1920ರ ದಶಕದ ಧಾರವಾಡದಲ್ಲಿ ಬೇಂದ್ರೆಯವರ ‘ಗೆಳೆಯರ ಗುಂಪು’ ಈ ಪದಕ್ಕೆ ತಂದಿದ್ದ ಕಾಂತಿಯನ್ನು ‘ಗುಂಪು ಘರ್ಷಣೆ’, ‘ಗುಂಪುಗಾರಿಕೆ’ಗಳು ಮಸುಕಾಗಿಸಿವೆ.

‘ಬಣ’ ಯಾರೂ ಸೂಚಿಸದ ಪದ. ಆದರೂ ಅದರ ಬಳಕೆ ನಮ್ಮ ಸಮಸ್ಯೆಗೆ ಹತ್ತಿರವಾಗಿದೆ. ರೈತ ಸಂಘದಿಂದ ಹಿಡಿದು ಕನ್ನಡಪರ ಸಂಘಟನೆಗಳವರೆಗೆ, ಒಂದೇ ಹೆಸರನ್ನು ಇಬ್ಬರು ಮೂವರು ಹೇಳಿಕೊಂಡಾಗ ಪತ್ರಿಕೆಗಳು ಮೊದಲು ಸಂಘಟನೆಯ ಹೆಸರು ಬರೆದು, ಆವರಣದೊಳಗೆ ಮುಖಂಡರ ಹೆಸರಿನೊಡನೆ ‘ಬಣ’ ಎಂದು ಸೇರಿಸುತ್ತವೆ. ಒಂದೇ ವಿಷಯದ ಗುಂಪು ಎರಡು ಸರ್ವರ್‌ಗಳಲ್ಲಿದ್ದಾಗ ವಿಳಾಸ ಮಾಡುವ ಕೆಲಸವೂ ಇದೇ. ವ್ಯತ್ಯಾಸವೆಂದರೆ ಪತ್ರಿಕೆಯ ಆವರಣದಲ್ಲಿ ಒಡಕಿನ ಚರಿತ್ರೆ ಇರುತ್ತದೆ. ಜಾಲದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅರಿಯದೆಯೇ ಹುಟ್ಟಿರಬಹುದು.

ಕಟ್ಟೆ

ಸ್ಥಳವಾಚಕಗಳಿಗೆ ಬರುವುದಾದರೆ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಸಂಪಾದಕರು ತಮ್ಮ ಸಾಮಾನ್ಯ ಚರ್ಚೆಯ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದು ಊರಿನ ನೀರಿನ ಪಂಪು. ಪಂಪನ್ನು ಪಂಪೆಂದೇ ಅನುವಾದಿಸದೆ, ನಮ್ಮ ಊರುಗಳಲ್ಲಿ ಜನ ಮಾತಿಗೆ ಎಲ್ಲಿ ಕೂರುತ್ತಾರೆಂದು ಕೇಳಿಕೊಂಡದ್ದು ಅವರ ಜಾಣತನ. ಹರಟೆಕಟ್ಟೆ, ಚಾವಡಿ, ಜಗಲಿ, ಅಂಗಳ ಇವೆಲ್ಲ ಇದೇ ಬಳ್ಳಿಯ ಕಾಯಿಗಳು.

ಆದರೂ ಕಟ್ಟೆ ಎಲ್ಲರದ್ದಾಗಿರಲಿಲ್ಲ. ಅರಳಿಕಟ್ಟೆಯ ಮೇಲೆ ಕೂರುವುದಕ್ಕೆ, ಜಗಲಿಯವರೆಗೆ ಬರುವುದಕ್ಕೆ, ಅಂಗಳದಲ್ಲೇ ನಿಲ್ಲುವುದಕ್ಕೆ ಜಾತಿಯ ಲೆಕ್ಕವಿತ್ತು. ಎಷ್ಟೋ ಕಡೆ ಈಗಲೂ ಇದೆ. ಜಗಲಿಯ ಮೆಟ್ಟಿಲು ಯಾರಿಗೆ ಎಷ್ಟು ಎತ್ತರವಿತ್ತೆಂಬುದನ್ನು ದಲಿತ ಆತ್ಮಕಥನಗಳನ್ನು ಓದಿದ ಯಾರೂ ಮರೆಯಲಾರರು. ಸಮುದಾಯವನ್ನು ಜಾತಿಯ ಕಾರಣಕ್ಕೆ ಬಿಟ್ಟವರು ಕಟ್ಟೆಯನ್ನು ಬರಿಯ ಮುಗ್ಧ ನೆನಪಾಗಿ ಎತ್ತಿಕೊಳ್ಳುವುದು ಸರಿಯಾಗದು.

ಕೈಗಾರಿಕಾ ವಲಯದಲ್ಲಿ ಜನ ಕೂಡುವ ಸ್ಥಳಗಳಿಗೆ ಬೇರೆ ಹೆಸರುಗಳಿವೆ: ಕಾರ್ಖಾನೆಯ ಗೇಟು, ಟೀ ಅಂಗಡಿ, ಆಟೋ ಸ್ಟ್ಯಾಂಡು. ಶಂಕರ್‌ನಾಗ್ ಹೆಸರಿನ ಆಟೋ ನಿಲ್ದಾಣಗಳು ಬೆಂಗಳೂರಿನುದ್ದಕ್ಕೂ ಇವೆ. ‘ನಮ್ಮ ಸ್ಟ್ಯಾಂಡಿನವರು’ ಎನ್ನುವಾಗ ಸ್ಥಳವಾಚಕವೇ ಗುಂಪುವಾಚಕವಾಗುತ್ತದೆ. ಹುಟ್ಟಿಗಿಂತ ಗಾಡಿ ನಿಲ್ಲಿಸುವ ಸರದಿಯಿಂದ ಸಿಗುವ ಸದಸ್ಯತ್ವವದು. ಇದನ್ನೇ ಚರ್ಚಾಜಾಲಕ್ಕೆ ತನ್ನಿ ಎನ್ನಲಾರೆವು. ಆದರೆ ಸ್ಥಳದ ಹೆಸರು ಜನರ ಹೆಸರಾಗುವ ದಾರಿ ಇನ್ನೂ ತೆರೆದಿದೆ ಎಂಬುದಕ್ಕೆ ಇದು ಸಾಕ್ಷಿ.

ಕೂಟ

ನಮ್ಮ ಆಯ್ಕೆ ‘ಕೂಟ’. ಆಡು–ಆಟ, ಓಡು–ಓಟ, ನೋಡು–ನೋಟಗಳಂತೆ ಕೂಡು–ಕೂಟ. ಮೂಲತಃ ಇದು ಕ್ರಿಯೆಯ ಹೆಸರು. ‘ಸಂಘ ನಡೆಯಿತು’, ‘ಸಮುದಾಯ ನಡೆಯಿತು’ ಎನ್ನಲಾಗದು. ‘ಕೂಟ ನಡೆಯಿತು’ ಎನ್ನಬಹುದು, ‘ಕೂಟಕ್ಕೆ ಸೇರಿದೆ’ ಎಂದೂ ಹೇಳಬಹುದು. ಒಂದೇ ಪದ ಘಟನೆಯನ್ನೂ ಅದರಲ್ಲಿ ಕೂಡಿದವರನ್ನೂ ಸೂಚಿಸುತ್ತದೆ. ಯಾರೂ ಬರೆಯದೆ ಹೋದರೆ ಬರಿದಾಗಿ ನಿಲ್ಲುವ ವಿಷಯಗುಂಪಿನ ಸ್ವಭಾವಕ್ಕೆ ಇದು ಹತ್ತಿರ.

ಸಮಾಸದಲ್ಲಿಯೂ ಈ ಪದದ ನಡತೆ ಸಂಘಕ್ಕಿಂತ ಬೇರೆ. ಕ್ರೀಡಾಕೂಟ, ಔತಣಕೂಟ, ಸ್ನೇಹಕೂಟ, ಮೈತ್ರಿಕೂಟ, ತುಳುಕೂಟ, ಕನ್ನಡ ಕೂಟ: ಎಡಗಡೆ ಇರುವುದು ವಿಷಯ ಅಥವಾ ಉದ್ದೇಶ, ವ್ಯಕ್ತಿಗಳ ಬಹುವಚನವಲ್ಲ. ‘ಗೆಳೆಯರ ಕೂಟ’ದಂತಹ ರೂಪಗಳು ಇಲ್ಲವೆಂದಲ್ಲ, ಆದರೆ ಒಲವು ಸ್ಪಷ್ಟ. ‘ವಿಚಾರಗೋಷ್ಠಿ’ಯ ಗೋಷ್ಠಿಗೂ ಇದೇ ಗುಣವಿದೆ, ಅದು ಬೆಳಗ್ಗೆ ಆರಂಭವಾಗಿ ಸಂಜೆಗೆ ಮುಗಿಯಬೇಕಾದದ್ದು ಎಂಬುದಷ್ಟೇ ತೊಡಕು. ಎಡಗಡೆಯ ಪದ ಸಂಸ್ಕೃತವಾಗಲಿ, ಕನ್ನಡವಾಗಲಿ, ಇಂಗ್ಲಿಷಾಗಲಿ ಕೂಟ ಮುನಿಯುವುದಿಲ್ಲ. ‘ಕ್ರೀಡಾಕೂಟ’ದ ಅರಿಸಮಾಸವನ್ನು ಯಾವ ಪಂಡಿತರೂ ಈಗ ತಿದ್ದುತ್ತಿಲ್ಲ. ಹಾಗೆಯೇ ಸೈಕಲ್ ಕೂಟ, ಲೇತ್ ಕೂಟ, ಹಳಗನ್ನಡ ಕೂಟ.

ಆಕ್ಷೇಪಗಳಿಲ್ಲದಿಲ್ಲ. ಸಂಸ್ಕೃತದ ‘ಕೂಟ’ಕ್ಕೆ ಶಿಖರ, ವಂಚನೆ ಎಂಬ ಅರ್ಥಗಳಿವೆ, ಕನ್ನಡದ ಕೂಟಕ್ಕೂ ಮಿಲನವೆಂಬ ಅರ್ಥವಿದೆ. ಕಾವ್ಯದ ಓದುಗರಿಗೆ ಇವು ನೆನಪಾಗಬಹುದು. ಉಡುಪಿಯ ತುಳುಕೂಟದಿಂದ ಅಮೆರಿಕದ ಕನ್ನಡ ಕೂಟಗಳವರೆಗೆ ಯಾರೂ ಇದರಿಂದ ಕಂಗೆಟ್ಟಂತೆ ಕಾಣದು. ಜಾತಿಯ ಕೂಟಗಳೂ ಇರಬಹುದು, ಯಾವ ಪದವನ್ನೂ ಅದರಿಂದ ಕಾಯಲಾಗದು. ಕೂಟವೆಂದರೆ ಜಾತಿ ಎಂಬ ಅರ್ಥ ಹುಟ್ಟಿಲ್ಲ ಎಂಬುದಷ್ಟೇ ನಮ್ಮ ವಾದ.

ಉಳಿದದ್ದು ಇಡೀ ಜಾಲದ ಹೆಸರು. ‘ಒಕ್ಕೂಟ’ ಕೈಗೆಟುಕುವಲ್ಲೇ ಇದೆ: ಒರ್ ಮತ್ತು ಕೂಟ ಸೇರಿದ ರೂಪ, ಒಕ್ಕೊರಲು, ಒಕ್ಕಣ್ಣಗಳ ಹಾಗೆ. ಕರ್ನಾಟಕದ ಹಳ್ಳಿಗರಿಗೆ ಇದು ಹಾಲಿನ ವ್ಯವಸ್ಥೆಯಿಂದ ಚಿರಪರಿಚಿತ. ಊರಿನಲ್ಲಿ ಸಂಘ, ಜಿಲ್ಲೆಯ ಮಟ್ಟದಲ್ಲಿ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳಿ. ಹಾಲು ಮೇಲಕ್ಕೆ ಹೋಗುತ್ತದೆ, ಹಣ ಕೆಳಕ್ಕೆ ಬರುತ್ತದೆ. ಆದರೆ ‘ಒಂದಾದ ಕೂಟ’ ಎಂಬ ಅರ್ಥ, ಬೇಡವೆನಿಸಿದಾಗ ಪರಸ್ಪರ ಕೊಂಡಿ ಕಳಚಿಕೊಳ್ಳುವ ಹಕ್ಕುಳ್ಳ ಸರ್ವರ್‌ಗಳಿಗೆ ಹೆಚ್ಚಾಯಿತು. ಅಲ್ಲಿ ಮಹಾಮಂಡಳಿಯೂ ಇಲ್ಲ. ಅಮೆರಿಕದ ಕನ್ನಡ ಕೂಟಗಳು ಒಂದು ಛತ್ರದಡಿ ಬಂದಾಗ ತಮ್ಮನ್ನು ಒಕ್ಕೂಟವೆನ್ನದೆ ‘ಅಮೆರಿಕ ಕನ್ನಡ ಕೂಟಗಳ ಆಗರ’ ಎಂದುಕೊಂಡವು. ‘ಅಕ್ಕ’ ಎಂಬ ಚಂದದ ಹ್ರಸ್ವರೂಪ ಸಿಗಲೆಂದು ಆಗಿರಲೂಬಹುದು. ಆದರೂ ‘ಕೂಟಗಳ’ ಎಂಬ ಬಹುವಚನ ಅದರಲ್ಲಿ ಉಳಿದುಕೊಂಡಿತು. ಚರ್ಚಾಜಾಲಕ್ಕೂ ಬೇಕಾದದ್ದು ಆ ಬಹುವಚನವೇ. ಸದ್ಯಕ್ಕೆ ‘ಕೂಟಗಳ ಜಾಲ’ ಎಂದರೆ ಸಾಕು.

ಇನ್ನು ಕೂಟವನ್ನು ನೋಡಿಕೊಳ್ಳುವವರಿಗೆ ಕನ್ನಡ ವಿಕಿಪೀಡಿಯದ ಮಾದರಿಯಲ್ಲಿ ‘ನಿರ್ವಾಹಕ’ ಎನ್ನಬಹುದು. ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವವರಿಗೆ ಆ ಪದ ಓದಿದಾಗ ನೆನಪಾಗುವುದು ಟಿಕೆಟ್ ಕೊಡುವ ಕಂಡಕ್ಟರು. ಬಾಗಿಲ ಬಳಿ ನಿಂತವರನ್ನು ಒಳಗೆ ಕರೆದು, ಜಗಳ ಬಿಡಿಸಿ, ಚಿಲ್ಲರೆಯ ಲೆಕ್ಕ ನೋಡಿಕೊಳ್ಳುವ ಆ ಕೆಲಸಕ್ಕೂ ಕೂಟದ ನಿರ್ವಾಹಕರ ಕೆಲಸಕ್ಕೂ ಅಂತರ ಬಹಳವಿಲ್ಲ. ಈ ಗೊಂದಲವನ್ನು ನಿವಾರಿಸಬೇಕೆಂದು ನಮಗೆ ಅನ್ನಿಸಿಲ್ಲ.